ಕುಸುರೆಳ್ಳಿನ ಸರ

ಕುಸುರೆಳ್ಳು ಮಾಡುವುದು ಅವಸರದ ಕೆಲಸವಲ್ಲ. ಹದವಾದ ಕೆಂಡದ ಮೇಲೆ ಅಗಲ ತಟ್ಟೆಯಂಥ ಪರಾತ, ಪರಾತದಲ್ಲಿ ಎಳ್ಳು. ಹನಿ ಹನಿಯಾಗಿ ಸಕ್ಕರೆ ಪಾಕ ಬಿಡುತ್ತ ಬೆರಳಾಡಿಸುತ್ತಲೇ ಇರಬೇಕು. ಚಳಿಯ ನಸುಕಿನಲ್ಲಿ ಒಂದೊಂದು ಎಳ್ಳಿಗೂ ನಿಧಾನಕ್ಕೆ ಬಿಳಿ ಮುಳ್ಳು ಮೂಡುತ್ತದೆ. ನಡುವೆ ಎದ್ದು ಹೋದಿರೋ, ಎಲ್ಲ ಅಂಟಿಕೊಂಡು ಗಂಟಾಯಿತೆಂದೇ ತಿಳಿಯಿರಿ.

ತುಳಸಕ್ಕನ ಕೈಯಲ್ಲಿ ಈ ವಿದ್ಯೆಯಿತ್ತು. ಬಾಯಲ್ಲಿ "ಆಗೂದಿಲ್ಲ" ಎಂಬ ಮಾತು ಮಾತ್ರ ಇರಲಿಲ್ಲ ನೋಡಿ. ಮೊಮ್ಮಗಳ ಮೊದಲ ಸಂಕ್ರಾಂತಿಗೆ ಕುಸುರೆಳ್ಳಿನ ಸರ ಹಾಕಬೇಕೆಂದು ಅವಳಿಗೆ ಬಲು ಆಸೆ. ಆದರೆ ಪಕ್ಕದ ಮನೆಗೆ ಸಜ್ಜೆರೊಟ್ಟಿ ಬಡಿಯಲು ಹೋಗಿ ಒಂದು ಪರಾತ ಗಂಟಾಯಿತು, ಎದುರು ಮನೆಯವರ ಹರಟೆಗೆ ಕೂತು ಇನ್ನೊಂದು. ಮನೆಗೆ ಮಾರಿ, ಊರಿಗೆ ಉಪಕಾರಿ ಎನ್ನುವುದು ಇಂಥವರಿಗೇ.

ಹಬ್ಬ ನಾಳೆ ಎನ್ನುವ ದಿನ ಉಳಿದ ಎಳ್ಳೆಲ್ಲ ಪರಾತಕ್ಕೆ ಬಿತ್ತು. ಅಂಗಳದ ತುಂಬ ಮಂಜು. ತೊಟ್ಟಿಲಲ್ಲಿ ಕೂಸು ನಿದ್ದೆಯಲ್ಲೇ ನಗುತ್ತಿತ್ತು. ಬೆರಳಡಿ ಎಳ್ಳು ಸರಸರ ಎನ್ನುವ ಸದ್ದಿಗೆ ತುಳಸಕ್ಕನಿಗೂ ಅರೆಗನಸು ಕವಿಯಿತು. ಕೂತಲ್ಲೇ ಹಗುರಾಗಿ ಆ ಬಿಳಿ ಮಂಜಿನೊಳಗೆ ತೇಲಿದ ಹಾಗೆ. ಮುಳ್ಳು ಆಗಷ್ಟೇ ಮೂಡುತ್ತಿತ್ತು.

ಕಣ್ಣು ಬಿಟ್ಟರೆ ಬಾಗಿಲಲ್ಲಿ ಚಂಪೂ ವೈನಿ ನಿಂತಿದ್ದರು. ಓಣಿಗೇ ಹಿರಿಯರು, ಎಲ್ಲರಿಗೂ ಅತ್ತಿಗೆ. ತುಳಸಕ್ಕನ ಮಗಳ ಬಾಣಂತನಕ್ಕೆ ನೆರವಾದವರು.

"ತುಳಸಾ, ಬೀಗರು ಬಂದಾರ. ಒಂದ್ ಗಳಿಗಿ ಬಂದು ಹೋಳಿಗಿ ಲಟ್ಟಿಸಿಕೊಡು."

ತುಳಸಕ್ಕ ಅರ್ಧ ಎದ್ದೇ ಬಿಟ್ಟಳು. ಕೂಸಿನ ಮುಖ ಕಂಡಿತು. ಮತ್ತೆ ಕೂತಳು. ಎಳ್ಳಿನಲ್ಲಿ ಬೆರಳಾಡಿಸುತ್ತಲೇ ಹೇಳಿದಳು.

"ಸಿಟ್ಟಾಗಬ್ಯಾಡ್ರಿ ವೈನಿ. ಈಗ ಎದ್ದರ ಕೂಸಿನ ಸರ ಕೆಡ್ತದ. ಇವತ್ತ ನನ್ನ ಕಡೆಯಿಂದ ಆಗೂದಿಲ್ರಿ."

ಇನ್ನು ಓಣಿಯೇ ಮುನಿಯಿತು ಎಂದುಕೊಂಡು ತಲೆತಗ್ಗಿಸಿದಳು. ವೈನಿ ಪರಾತದೊಳಗೆ ಬಗ್ಗಿ ನೋಡಿದರು.

"ಅಯ್ಯ, ಮೊದಲ ಹೇಳಬಾರದ? ಹಿಂದಿನ ಮನಿ ಇಂದೂನ್ನ ಕರೀತೀನಿ ಬಿಡು," ಎಂದು ಸೆರಗು ಹೊದ್ದು ಹೊರಟೇಹೋದರು. ಇಂದೂ ಬಂದಳು, ಹೋಳಿಗೆ ಬೆಂದವು, ಬೀಗರು ಉಂಡು ತೇಗಿದರು.

ತುಳಸಕ್ಕನಿಗೆ ನಗುವೂ ಬಂತು, ಅಳುವೂ ಬಂತು. ತಾನು ಹೋಗದಿದ್ದರೆ ಊರೇ ನಿಂತುಹೋಗುತ್ತದೆಂದು ಇಷ್ಟು ವರ್ಷ ತಿಳಿದಿದ್ದಳಲ್ಲ, ಪಾಪ.

ಮರುದಿನ ಆರತಿ ಮುಗಿಯುವ ಮೊದಲೇ ಕೂಸು ಕೊರಳ ಸರವನ್ನು ಬಾಯಿಗಿಟ್ಟು ಚೀಪತೊಡಗಿತು. ಬಿಡಿಸಲು ಬಂದವರನ್ನು ಚಂಪೂ ವೈನಿಯೇ ತಡೆದರು.

"ಚೀಪಲಿ ಬಿಡ್ರಿ. ಅವರಜ್ಜಿ ನನಗ ಇಲ್ಲ ಅಂದು ಮಾಡಿದ ಸರ ಅದು."

ನೀತಿ: ಕರೆದವರಿಗೆಲ್ಲ ಹೂಂ ಎನ್ನುವವರ ಕೈಯಲ್ಲಿ ತಮ್ಮವರಿಗೆಂದು ಹೊತ್ತು ಉಳಿಯುವುದಿಲ್ಲ. ಆಗದ್ದನ್ನು ಆಗದೆಂದು ಸವಿಯಾಗಿ ಹೇಳಿ. ಪ್ರೀತಿಯುಳ್ಳವರು ಅದಕ್ಕೆ ಮುನಿಯುವುದಿಲ್ಲ.