ಇಳಿಸಿದ ಪಲ್ಲಕ್ಕಿ

“ರಾಜಕುಮಾರಿ ಲಚ್ಚಲೆಯ ಮೂರು ಒಗಟು ಬಿಡಿಸಿದವನು ಬೇಡಿದ್ದನ್ನು ಪಡೆಯುತ್ತಾನೆ. ತಪ್ಪಿದವನು ತಲೆ ಒಪ್ಪಿಸುತ್ತಾನೆ” ಎಂದು ಡಂಗುರ ಸಾರಿದರು. ಒಗಟು ಮಗಳದು, ತಲೆಯ ಷರತ್ತು ಅರಸನದು.

ಆ ವಂಶದವರ ಪಾದ ಮಣ್ಣು ಮುಟ್ಟಬಾರದೆಂಬುದು ಪದ್ಧತಿ. ಪಲ್ಲಕ್ಕಿಯಲ್ಲೇ ಬೆಳೆದ ಲಚ್ಚಲೆಗೆ ಏಳು ಮೆಟ್ಟಿಲು ಹತ್ತಿದರೆ ಏದುಸಿರು. ವೈದ್ಯರು ಇನ್ನಷ್ಟು ವಿಶ್ರಾಂತಿ ಹೇಳಿದರು. ಅವಳ ಕಿಟಕಿಗೆ ಗುಡ್ಡವೊಂದು ಕಾಣುತ್ತಿತ್ತು, ನೆತ್ತಿಯಲ್ಲಿ ಹುಣಸೆಮರ. ಪಲ್ಲಕ್ಕಿ ಹಿಡಿಸದಷ್ಟು ಕಿರಿದು ದಾರಿ. ತನ್ನ ಕಾಲಲ್ಲೇ ಹೋಗಿ ಆ ಮರ ಮುಟ್ಟಬೇಕು. ಅವಳಿಗೆ ಬೇರೆ ಆಸೆಯಿರಲಿಲ್ಲ. ನೇರವಾಗಿ ಕೇಳಿದರೆ ಪದ್ಧತಿ ಅಡ್ಡ ಬರುತ್ತಿತ್ತು. ಬಿಡಿಸಿದವನಾದರೂ ತನ್ನ ಪರವಾಗಿ ಬೇಡಲಿ ಎಂದು ಒಗಟು ಕಟ್ಟಿದಳು.

“ದುಡಿಸಿದರೆ ಬೆಳೆಯುತ್ತದೆ, ಮಲಗಿಸಿದರೆ ಕರಗುತ್ತದೆ. ಓದದವನಲ್ಲೂ ಇದೆ. ಏನದು?”

ಅವಳ ಕೈಹಿಡಿಯಲು ಬಂದ ಮೊದಲ ರಾಜಕುಮಾರ ಕೊನೆಯ ಮಾತು ಕೇಳಿಸಿಕೊಳ್ಳದೆ “ವಿದ್ಯೆ!” ಎಂದ. ಅವನನ್ನು ಕಂಬಕ್ಕೆ ಕಟ್ಟಿದರು. ಎರಡನೆಯವನು “ಕತ್ತೆ” ಎಂದ. ಅವನನ್ನು ಪಕ್ಕದ ಕಂಬಕ್ಕೆ ಕಟ್ಟಿದರು.

ಮುಂದೆ ಬಂದವನು ಪಲ್ಲಕ್ಕಿ ಹೊರುವ ಬೊಮ್ಮ. “ಮೈಯ ಕಸುವು, ಅಮ್ಮಣ್ಣಿ.”

ಲಚ್ಚಲೆ ನೆಟ್ಟಗೆ ಕೂತಳು. “ಹಗಲಿರುಳು ಬಡಿಯುತ್ತದೆ. ದಿನವೂ ಓಡಿಸಿದರೆ, ಕೂತಾಗ ನಿಧಾನ. ಎಂದೂ ಓಡಿಸದಿದ್ದರೆ ಏಳು ಮೆಟ್ಟಿಲಿಗೇ ಗಾಬರಿ.”

“ಎದೆ.”

“ಆಳಿಟ್ಟು ಮಾಡಿಸಲಾಗದ ಕೆಲಸ. ಮಾಡಿದರೆ ಹಸಿವು, ನಿದ್ದೆ ಕರೆಯದೆ ಬರುತ್ತವೆ. ಇಂದು ಮಾಡಿದ್ದು ನಾಳೆಗೆ ಸಾಲದು.” ತಪ್ಪಿದರೆ ಅವನ ತಲೆ ಹೋಗುತ್ತಿತ್ತು, ಅವಳ ಗುಡ್ಡವೂ.

“ಮೈ ದಂಡಿಸೋದು. ನಡೆಯೋದು ಅಂದ್ರೂ ಸರಿ.”

“ಬಿಡಿಸಿ ಹೇಳು” ಎಂದ ಅರಸ.

“ಹೊಸದಾಗಿ ಪಲ್ಲಕ್ಕಿಗೆ ಹೆಗಲು ಕೊಟ್ಟಾಗ ಕೆರೆ ಏರಿ ಹತ್ತಿದ್ರೆ ಎದೆ ಬಾಯಿಗೆ ಬರ್ತಿತ್ತು, ಬುದ್ಧಿ. ಹೊತ್ತೂ ಹೊತ್ತೂ ಕಸುವು ಬಂತು. ಈಗ ಹಾಡ್ತಾ ಹತ್ತುತೀನಿ, ಮಲಗಿದ್ರೆ ನಿದ್ದೆ. ಅಮ್ಮಣ್ಣಿಯವರ ನಡಿಗೇನ ಎಂಟು ವರ್ಷ ನಾವೇ ನಡೆದ್ವಿ. ಲಾಭಾನೂ ನಮಗೇ ಬಂತು.”

“ಮೂರೂ ಸರಿ” ಎಂದಳು ಲಚ್ಚಲೆ. ಕಂಬದವರನ್ನು ನೋಡಿದಳು.

“ಏನು ಬೇಕು?” ಎಂದು ಅರಸ ಬೊಮ್ಮನನ್ನು ಕೇಳಿದ.

“ಅವರಿಬ್ಬರ ಕಟ್ಟು ಬಿಚ್ಚಿ. ಪಲ್ಲಕ್ಕಿ ಇಳಿಸೋಕೆ ಅಪ್ಪಣೆ ಕೊಡಿ.”

“ಅರ್ಧ ರಾಜ್ಯ ಬೇಡವೇ?”

“ಅದನ್ನೂ ಹೊರಬೇಕಲ್ಲ, ಬುದ್ಧಿ.”

ಪಲ್ಲಕ್ಕಿ ಇಳಿಯಿತು. ಬೊಮ್ಮನ ಕೆಲಸ ಹೋಯಿತು. ಅವಳ ಜೊತೆಗೆ ನಡೆಯುವ ಕೆಲಸ ಸಿಕ್ಕಿತು. ಮೊದಲ ದಿನ ಲಚ್ಚಲೆ ಹೆಬ್ಬಾಗಿಲವರೆಗೆ ಹೋಗಿ ಕುಸಿದು ಕೂತಳು. ತಿಂಗಳಿಗೆ ಗುಡ್ಡದ ಬುಡ. ಹುಣಸೆಗೆ ಹೂ ಬಂದಾಗ ನೆತ್ತಿ. ಮರದ ತೊಗಟೆಗೆ ಅಂಗೈ ಒತ್ತಿ ಬಹಳ ಹೊತ್ತು ನಿಂತಳು. ಉಸಿರು ಹದದಲ್ಲಿತ್ತು.

ಆಚೆ ಇನ್ನೊಂದು ಗುಡ್ಡವಿತ್ತು, ಇದಕ್ಕಿಂತ ಎತ್ತರ.

“ಬೊಮ್ಮ, ಅದು?”

“ನಾಳೆ ಬೇಗ ಏಳಿ, ಅಮ್ಮಣ್ಣಿ.”