ನೀಲಿ ನಲ್ಲಿಯ ನೀರು

“ಗುರುಗಳೇ, ಮೊದಲ ವರ್ಷ ರೋಗಿಗೆ ಮದ್ದು ಅಳೆದು ಕೊಡುವಾಗ ನನ್ನ ಕೈ ನಡುಗುತ್ತಿತ್ತು. ಈಗ ಎಳ್ಳಷ್ಟೂ ಭಯವಿಲ್ಲ. ನನ್ನ ಕಲಿಕೆ ಪೂರ್ಣವಾಯಿತು ಎನ್ನಬಹುದೇ?” ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಬ್ಬ ಮೇಸ್ತ್ರಿಯಿದ್ದ. ಇಪ್ಪತ್ತು ವರ್ಷಗಳಿಂದ ಮನೆಮನೆಗೂ ಸೋಲಾರ್ ಕೂರಿಸಿದವನು. ಹೆರಿಗೆ ಆಸ್ಪತ್ರೆಯವರು ಅವನನ್ನು ಕರೆಸಿ, ಬಾಣಂತಿಯರಿಗೂ ಕೂಸುಗಳಿಗೂ ಬಿಸಿನೀರು ಬೇಕೆಂದು ತಾರಸಿಯ ಮೇಲೆ ಸೋಲಾರ್ ಹಾಕಿಸಿದರು. ಅವನು ಟ್ಯಾಂಕು ಕೂರಿಸಿದ, ಗಾಜಿನ ಕೊಳವೆಗಳನ್ನು ಜೋಡಿಸಿದ, ಹೊರಗೋಡೆಗುಂಟ ಎರಡು ಪೈಪು ಇಳಿಸಿದ. ಎಡಕ್ಕೆ ಬಿಸಿನೀರಿನದು, ಬಲಕ್ಕೆ ತಣ್ಣೀರಿನದು. ಬಚ್ಚಲಿನೊಳಗೆ ಬಂದು ಎಡಕ್ಕೆ ಕೆಂಪು ನಲ್ಲಿ, ಬಲಕ್ಕೆ ನೀಲಿ ನಲ್ಲಿ ಹಾಕಿದ.

ಬೆಳಿಗ್ಗೆ ಬಿಸಿಲೇರುವ ಮೊದಲೇ ನೀರು ತುಂಬಿಸಿ ಎರಡೂ ನಲ್ಲಿ ತಿರುಗಿಸಿ ನೋಡಿದ. ಎರಡರಲ್ಲೂ ತಣ್ಣೀರೇ ಬಂತು. ನೀರು ಕಾಯುವವರೆಗೆ ಕಾದಿದ್ದು ಇನ್ನೊಮ್ಮೆ ನೋಡಬೇಕಿತ್ತು. ಅವನು ನಿಲ್ಲಲಿಲ್ಲ. ಆಯಾಳನ್ನು ಕರೆದು, “ಕೆಂಪು ಬಿಸಿ, ನೀಲಿ ತಣ್ಣಗೆ. ನಾಳೆಯಿಂದ ಬಳಸಿ ಅಜ್ಜಿ” ಎಂದು ಹೇಳಿ ಹೊರಟುಹೋದ.

ಮರುದಿನ ಬೆಳಿಗ್ಗೆ ಬೇರೊಂದು ಮನೆಯ ಗೋಡೆಗೆ ತೂತು ಕೊರೆಯುತ್ತಿದ್ದಾಗ ಅವನ ಕೈ ತಟ್ಟನೆ ನಿಂತಿತು. ಹೊರಗೆ ನಿಂತವನ ಎಡ, ಒಳಗೆ ಹೋದವನಿಗೆ ಬಲವಾಗುತ್ತದೆ! ಹಾಗಾದರೆ ಆಸ್ಪತ್ರೆಯ ನೀಲಿ ನಲ್ಲಿಯಲ್ಲಿ ಬರುವುದು ಕುದಿಯುವಂಥ ನೀರು. ಕೂಸುಗಳಿಗೆ ನೀರೆರೆಯುವುದೂ ಈ ಹೊತ್ತಿಗೇ.

ಆಸ್ಪತ್ರೆಗೆ ಫೋನು ಮಾಡಿದ. ಯಾರೂ ಎತ್ತಲಿಲ್ಲ. ಬೈಕು ಹತ್ತಿದ. ದಾರಿ ಸಾಗಲೊಲ್ಲದು. ನಿನ್ನೆ ಕಂಡ ಕೂಸೊಂದರ ಎಳೆಯ ಪಾದ ಕಣ್ಣ ಮುಂದೆ ಬಂತು. ಅದರ ಚರ್ಮ ಹೂವಿನ ಎಸಳಿಗಿಂತ ತೆಳು.

ಆಸ್ಪತ್ರೆಯ ಮೆಟ್ಟಿಲು ಹತ್ತುವಾಗಲೇ ಬಚ್ಚಲಿನಿಂದ ಕೂಸಿನ ಚೀರಾಟ ಕೇಳಿತು. ಓಡಿಹೋಗಿ ಬಾಗಿಲು ತಳ್ಳಿದ.

ಮುದುಕಿ ಆಯಾ ಕಾಲು ಚಾಚಿ ಕೂತಿದ್ದಳು. ಕಾಲ ಮೇಲೆ ಕೂಸು ಕೈಕಾಲು ಬಡಿದು ಅಳುತ್ತಿತ್ತು. ಅದರ ಮೈ ಇನ್ನೂ ಒಣಗಿಯೇ ಇತ್ತು. ಪಕ್ಕದ ಬಕೆಟ್ಟಿನಿಂದ ಹಬೆ ಏಳುತ್ತಿತ್ತು. ಮುದುಕಿಯ ಮೊಣಕೈ ಕೆಂಪಗೆ ಬೊಬ್ಬೆ ಎದ್ದಿತ್ತು.

“ನೀರು ಹಾಕಿದಿರಾ ಅಜ್ಜಿ?” ಎಂದು ಕೇಳಿದ.

“ಇಲ್ಲಪ್ಪ. ಇದು ಹಸಿದು ಅಳುತ್ತಿದೆ. ನೀಲಿ ತಣ್ಣಗೆ ಅಂದೆಯಲ್ಲ, ಆದರೂ ಮೊದಲು ಮೊಣಕೈ ಅದ್ದಿದೆ. ನಲವತ್ತು ವರ್ಷದಿಂದ ನೀರೆರೆಯುತ್ತಿದ್ದೇನೆ. ಪ್ರತಿ ಕೂಸಿಗೂ ನನ್ನ ಎದೆ ಡವಡವ ಅನ್ನುತ್ತದೆ.”

ಮೇಸ್ತ್ರಿ ಅವಳ ಕಾಲು ಮುಟ್ಟಿದ. ನಡುಗುವ ಕೈಯಿಂದಲೇ ಪೈಪು ಬಿಚ್ಚಿ ಅದಲು ಬದಲು ಮಾಡಿ ಜೋಡಿಸಿದ. ಎರಡೂ ನಲ್ಲಿಯ ನೀರನ್ನು ತನ್ನ ಕೈ ಮೇಲೆ ಬಿಟ್ಟುಕೊಂಡು ನೋಡಿದ. ಒಮ್ಮೆ ನೋಡಿ ಸಮಾಧಾನವಾಗದೆ ಮತ್ತೆ ನೋಡಿದ. ಆಮೇಲೆ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತ.

ಶಿಷ್ಯ ನಿಟ್ಟುಸಿರುಬಿಟ್ಟು, “ಪಾಪ, ಎಷ್ಟು ಹೆದರಿದನೋ!” ಎಂದ.

“ಹಿಂದಿನ ದಿನ ಅವನಿಗೂ ಎಳ್ಳಷ್ಟೂ ಭಯವಿರಲಿಲ್ಲ” ಎಂದರು ಗುರುಗಳು.