ಬಲ ಬಂದಮೇಲೆ ಹಾರುವ ಕೋತಿ

ಹಳ್ಳದ ದಡದ ಅತ್ತಿಮರದಲ್ಲಿ ಹಣ್ಣು ಮುಗಿದಿತ್ತು. ಹಸಿದ ತಾಯಿಕೋತಿಯ ಎದೆಹಾಲೂ ಬತ್ತುತ್ತಿತ್ತು. ಆಚೆ ದಡದ ಮರಕ್ಕೆ ಹಾರೋಣವೆಂದರೆ, ಹೊಟ್ಟೆಗೆ ಅಂಟಿಕೊಂಡ ಮರಿ ಹಾರಲು ಬಿಡಲೊಲ್ಲದು. ಅದರ ಅಂಗೈಗೆ ಮುಳ್ಳು ಚುಚ್ಚಿ ಬಾತುಕೊಂಡಿತ್ತು.

“ಬೇಡಮ್ಮ, ನಿನ್ನನ್ನು ಹಿಡಿದುಕೊಳ್ಳಲು ನನ್ನ ಕೈಯಲ್ಲಿ ಬಲವಿಲ್ಲ. ಬಲ ಬರಲಿ, ಆಮೇಲೆ ಹೋಗೋಣ.”

“ಬೆಳಗಿನಿಂದ ಇದೇ ರಾಗ!” ತಾಯಿ ರೇಗಿತು. “ನಿನ್ನೆ ನೀನು ನಿದ್ದೆಹೋದಾಗ ನಿನ್ನ ಎರಡೂ ಕೈ ಜೋತುಬಿದ್ದಿದ್ದವು. ಆದರೂ ನಾನು ಮರದಿಂದ ಮರಕ್ಕೆ ಹಾರಿದೆ. ನೀನು ಬಿದ್ದೆಯಾ? ಹಿಡಿದುಕೊಂಡವಳು ನಾನು ಕಣೋ, ನೀನಲ್ಲ!”

ತಾಯಿ ಮರಿಯನ್ನು ಅವುಚಿಕೊಂಡು ಕೊಂಬೆಯ ತುದಿಗೆ ಬಂತು. ಕೆಳಗೆ ನೀರು ಭೋರ್ಗರೆಯುತ್ತಿತ್ತು. ತಾಯಿ ಅಲ್ಲೇ ನಿಂತು ಮೇಲೆ ನೋಡಿತು.

“ದೇವರೇ, ಹಸಿದು ಹಸಿದು ಮೈಯಲ್ಲಿ ಕಸುವಿಲ್ಲ. ಒಂದಿಷ್ಟು ಕಸುವು ಬರಲಿ, ಆಮೇಲೆ ನಿನ್ನನ್ನು ನಂಬಿ ಹಾರುತ್ತೇನೆ.”

“ಈಗ ನಿನ್ನದೂ ಅದೇ ರಾಗವೇನಮ್ಮ!” ಮರಿ ಸಿಡುಕಿತು. “ರಾತ್ರಿಯೆಲ್ಲ ಈ ಸಣ್ಣ ಕೊಂಬೆಯ ಮೇಲೆ ಗೊರಕೆ ಹೊಡೆದೆಯಲ್ಲ, ಆಗ ನಿನ್ನನ್ನು ಹಿಡಿದುಕೊಂಡಿದ್ದವರು ಯಾರು?”

ತಾಯಿ ಮರಿಯನ್ನು ದುರುಗುಟ್ಟಿ ನೋಡಿತು. ಮರುಕ್ಷಣ ಕೊಂಬೆ ಬಿಟ್ಟು ಹಾರಿತು.